ಚುಚ್ಚುವ ಸ್ಟ್ರಾಟ್ ದನಿ ದುಂಡಗಾಗಬೇಕು: ಯಾವ ಪಿಕಪ್ ಹಾಕಿಸಲಿ?

ಪ್ರಶ್ನೆ, ಕಲಬುರಗಿಯಿಂದ

ಅಣ್ಣಂದಿರೇ, ನನ್ನದು ಕಡಿಮೆ ಬೆಲೆಯ ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಪಿಕಪ್ ಮೂರಿವೆ, ಮೂರೂ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯವು. ಚರ್ಚ್‌ನಲ್ಲಿ ನುಡಿಸುತ್ತೇನೆ, ಗಣೇಶ ಹಬ್ಬ ಬಂದರೆ ಆರ್ಕೆಸ್ಟ್ರಾದಲ್ಲೂ ನುಡಿಸುತ್ತೇನೆ. ತಂತಿ ಕೂರುವ ಬ್ರಿಡ್ಜ್ ಪಕ್ಕದ ಪಿಕಪ್‌ಗೆ ಸ್ವಿಚ್ ಹಾಕಿದರೆ ಸಾಕು, ದನಿ ಕಿವಿಗೆ ಚುಚ್ಚುತ್ತದೆ. ಹಾಡುವವರು ತಿರುಗಿ ನೋಡುತ್ತಾರೆ. ಪಿಕಪ್ ಬದಲಿಸಿ ವಾರ್ಮ್ ಮಾಡಬೇಕು ಅಂತಿದ್ದೇನೆ. ಅಲ್ನಿಕೊ, ಸೆರಾಮಿಕ್ ಅಂತ ಮ್ಯಾಗ್ನೆಟ್ ಹೆಸರು, ಹಂಬಕರ್ ಅಂತ ಎರಡು ಸುರುಳಿಯ ಪಿಕಪ್, ಹೀಗೆ ಏನೇನೋ ಹೇಳುತ್ತಾರೆ. ಬಳಸಿ ನೋಡಿದವರು ಹೇಳಿ.

ಉತ್ತರ, ಕಲಬುರಗಿಯಿಂದಲೇ

ತಮ್ಮಾ, ದುಡ್ಡು ಕೊಡುವ ಮೊದಲು ತಂತಿ ಸಡಿಲಿಸಿ ಪಿಕಪ್, ನಾಬ್ ಕೂರಿಸಿದ ಮುಂಭಾಗದ ಪ್ಲಾಸ್ಟಿಕ್ ಹಲಗೆ, ಅಂದರೆ ಪಿಕ್‌ಗಾರ್ಡ್, ಬಿಚ್ಚಿ ನೋಡು. ಹಳೆಯ ಕಾಲದ ಸ್ಟ್ರಾಟ್ ವೈರಿಂಗ್‌ನಲ್ಲಿ ಚೂಪು ಕಡಿಮೆ ಮಾಡುವ ಎರಡು ಟೋನ್ ನಾಬ್ ಇರುತ್ತವೆ. ಒಂದು ನೆಕ್ ಪಿಕಪ್‌ಗೆ, ಇನ್ನೊಂದು ಮಧ್ಯದ್ದಕ್ಕೆ. ಬ್ರಿಡ್ಜ್‌ಗೆ ಟೋನ್ ನಾಬ್ ಇರೋದೇ ಇಲ್ಲ! ಎಲ್ಲಕ್ಕಿಂತ ಚೂಪಾದ ಪಿಕಪ್‌ಗೇ ಕಡಿವಾಣ ಇಲ್ಲ. ಬಹಳ ಗಿಟಾರ್‌ಗಳು ಇವತ್ತಿಗೂ ಹಾಗೇ ಬರುತ್ತವೆ. ಸ್ವಿಚ್‌ನ ಟೋನ್ ಕಡೆಯ ಸಾಲಿನಲ್ಲಿ ಮಧ್ಯದ ಪಿಕಪ್ಪಿನ ಕಾಲಿನಿಂದ ಬ್ರಿಡ್ಜ್‌ನ ಕಾಲಿಗೆ ಒಂದು ತುಂಡು ವೈರ್ ಬೆಸುಗೆ ಹಾಕಿಸಿದರೆ ಆಯಿತು, ಎರಡನೇ ಟೋನ್ ನಾಬ್ ಬ್ರಿಡ್ಜ್‌ಗೂ ಕೆಲಸ ಮಾಡುತ್ತದೆ. ಸೂಪರ್ ಮಾರ್ಕೆಟ್ ಕಡೆ ಆಂಪ್ಲಿಫೈಯರ್ ರಿಪೇರಿ ಮಾಡುವವರು ಯಾರಾದರೂ ಮಾಡಿಕೊಡುತ್ತಾರೆ. ಆಮೇಲೆ ನಾಬ್ ಏಳರ ಹತ್ತಿರ ಇಟ್ಟು ನುಡಿಸು. ನನಗೆ ಅರ್ಧ ತೊಂದರೆ ಅಲ್ಲೇ ಹೋಯಿತು.

ಬಿಚ್ಚಿದಾಗಲೇ ಪಾಟ್‌ಗಳ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್‌ಗಳ) ಮೇಲಿನ ನಂಬರ್ ಓದು. ಸಿಂಗಲ್ ಕಾಯಿಲ್‌ಗೆ ಇರಬೇಕಾದ್ದು 250ಕೆ, ಅಂದರೆ 250 ಕಿಲೋ ಓಮ್. ಅಲ್ಲಿ 500ಕೆ ಇದ್ದರೆ ಚೂಪು ಜಾಸ್ತಿಯಾಗಿಯೇ ಬರುತ್ತದೆ. ಪಾಟ್ ಬದಲಿಸೋದು ಪಿಕಪ್‌ಗಿಂತ ಬಹಳ ಅಗ್ಗ.

ಈಗ ಪಿಕಪ್ ವಿಷಯ. ತಿರುಗಿಸಿ ಕೆಳಭಾಗ ನೋಡು. ಕಪ್ಪು ಪಟ್ಟಿಯಂಥ ಮ್ಯಾಗ್ನೆಟ್ ಅಂಟಿಸಿದ್ದರೆ ಅದು ಸೆರಾಮಿಕ್. ಮೇಲೆ ಕಾಣುವ ಆರು ಕಂಬಗಳು ಬರೀ ಉಕ್ಕು. ಅಲ್ನಿಕೊ ಸಿಂಗಲ್ ಕಾಯಿಲ್‌ನಲ್ಲಿ ಆ ಕಂಬಗಳೇ ಮ್ಯಾಗ್ನೆಟ್. ಅಲ್ನಿಕೊದಲ್ಲೂ ನಂಬರ್ ಇವೆ. 5 ಜೋರು, ಹೊಳಪು ಜಾಸ್ತಿ. 2 ಸ್ವಲ್ಪ ದುರ್ಬಲ ಮ್ಯಾಗ್ನೆಟ್, ಪೆಟ್ಟು ಮೆತ್ತಗೆ ಬೀಳುತ್ತದೆ. ನಾನು ಹಾಕಿಸಿಕೊಂಡಿದ್ದು ಸೀಮೋರ್ ಡಂಕನ್ ಕಂಪನಿಯ ಅಲ್ನಿಕೊ ಟೂ ಪ್ರೋ. ತತ್ವಪದಕ್ಕೆ ಹಾರ್ಮೋನಿಯಂ ಜೊತೆ ನುಡಿಸುವಾಗ ಅದರ ದನಿ ಹಾಡಿನ ಮೇಲೆ ಏರೋದಿಲ್ಲ, ಪಕ್ಕದಲ್ಲೇ ಇರುತ್ತದೆ. ನನಗೆ ಬೇಕಾಗಿದ್ದು ಅದೇ.

ಪಿಕಪ್ ಸುರುಳಿಯ ರೋಧ ಹೇಳುವ ಓಮ್ ಲೆಕ್ಕ ಒಂದನ್ನೇ ನಂಬಬೇಡ. ಹಳೆಯ ಸ್ಟ್ರಾಟ್ ಪಿಕಪ್‌ಗಳು ಸುಮಾರು 5.5ರಿಂದ 6.5 ಕಿಲೋ ಓಮ್. ಸುತ್ತು ಜಾಸ್ತಿಯಾದಷ್ಟೂ ಚೂಪು ಕೆಳಗಿಳಿದು ನಡುದನಿ ದಪ್ಪವಾಗುತ್ತದೆ, ಅದು ನಿಜ. ಆದರೆ ತೆಳುವಾದ ತಂತಿ ಸುತ್ತಿದರೂ ಓಮ್ ಏರುತ್ತದೆ. ಸುಮ್ನೆ ದೊಡ್ಡ ನಂಬರ್ ನೋಡಿ ಕೊಂಡರೆ ಜೋರು ಸಿಗಬಹುದು, ನೀನು ಕೇಳಿದ ದುಂಡುತನ ಸಿಗದೇ ಹೋಗಬಹುದು. ಬ್ರಿಡ್ಜ್‌ಗೆ 7ರಿಂದ 8 ಸಾಕು.

ಉತ್ತರ, ಬೀದರ್‌ನಿಂದ

ನಾನೂ ಚರ್ಚ್‌ನಲ್ಲೇ ನುಡಿಸುವವನು. ನಮ್ಮಲ್ಲಿ ಚೂಪಿಗಿಂತ ದೊಡ್ಡ ಕಾಟ ಗುಂಯ್ ಸದ್ದು. ಟ್ಯೂಬ್‌ಲೈಟ್, ಸರಿಯಿಲ್ಲದ ಅರ್ಥಿಂಗ್, ಕರೆಂಟ್ ಹೋದರೆ ಇನ್ವರ್ಟರ್. ಪ್ರಾರ್ಥನೆ ನಡೆಯುವಾಗ ಗಿಟಾರ್ ಗುಂಯ್ ಅನ್ನೋದು ನನಗೆ ಸಹಿಸೋಕೆ ಆಗೋದಿಲ್ಲ. ಅದಕ್ಕೆ ಬ್ರಿಡ್ಜ್‌ನಲ್ಲಿ ಮಾತ್ರ ಸಿಂಗಲ್ ಕಾಯಿಲ್ ಅಳತೆಯ ಹಂಬಕರ್ ಹಾಕಿಸಿದೆ, ಸೀಮೋರ್ ಡಂಕನ್‌ನ ಲಿಟಲ್ 59. ಮರ ಕೊರೆಯಬೇಕಾಗಿಲ್ಲ. ದನಿ ತುಂಬಿ ಬಂತು, ಆ ಪಿಕಪ್‌ನಲ್ಲಿ ಗುಂಯ್ ಹೋಯಿತು. ಪಾಟ್ 250ಕೆ ಇದ್ದಿದ್ದನ್ನು ಹಾಗೇ ಬಿಟ್ಟೆ. ಹಂಬಕರ್‌ಗೆ 500ಕೆ ಹಾಕೋದು ರೂಢಿ, ಆದರೆ ವಾರ್ಮ್ ಬೇಕಾದವರಿಗೆ 250ಕೆ ಒಳ್ಳೇದೇ. ಕಳೆದುಕೊಂಡಿದ್ದೂ ಇದೆ. ಬ್ರಿಡ್ಜ್ ಮತ್ತು ಮಧ್ಯ ಸೇರಿಸಿದಾಗ ಬರುತ್ತಿದ್ದ ಗಂಟೆಯಂಥ ಸ್ಟ್ರಾಟ್ ದನಿ ಮಸುಕಾಯಿತು. ಆ ದನಿ ಇಷ್ಟ ಇದ್ದರೆ ಮೇಲಿನ ಅಣ್ಣ ಹೇಳಿದ ಅಲ್ನಿಕೊ 2 ಕಡೆಗೇ ಹೋಗು.

ವೈರ್ ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ. ಸೀಮೋರ್ ಡಂಕನ್ ಹಂಬಕರ್‌ನಲ್ಲಿ ಕಪ್ಪು ಹಾಟ್ (ಸಿಗ್ನಲ್ ವೈರ್), ಹಸಿರು ಗ್ರೌಂಡ್, ಕೆಂಪು-ಬಿಳಿ ಒಟ್ಟಿಗೆ. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಹಸಿರು ಗ್ರೌಂಡ್, ಕಪ್ಪು-ಬಿಳಿ ಒಟ್ಟಿಗೆ. ರಿಪೇರಿಯವರಿಗೆ ಇದನ್ನು ಬರೆದುಕೊಡು. ಎರಡು ಪಿಕಪ್ ಸೇರಿಸಿದಾಗ ದನಿ ಬಡಕಲಾದರೆ ಫೇಸ್ ಉಲ್ಟಾ ಆಗಿದೆ, ಒಂದರ ಸಿಗ್ನಲ್ ಇನ್ನೊಂದನ್ನು ಕಡಿಯುತ್ತಿದೆ ಅಂತ ಅರ್ಥ. ಹೊಸದರ ಹಾಟ್ ಮತ್ತು ಗ್ರೌಂಡ್ ಅದಲು ಬದಲು ಮಾಡಿಸಬೇಕು, ಮೇಲೆ ಹೊದಿಸಿದ ಬರಿ ವೈರ್ ಮಾತ್ರ ಯಾವಾಗಲೂ ಗ್ರೌಂಡ್‌ಗೇ.

ಉತ್ತರ, ಯಾದಗಿರಿಯಿಂದ

ಒಂದು ಮಾತು ಕೇಳ್ತೀನಿ ತಮ್ಮಾ. ಆರ್ಕೆಸ್ಟ್ರಾದಲ್ಲಿ ಗಿಟಾರ್ ಎಲ್ಲಿಗೆ ಜೋಡಿಸ್ತೀಯಾ? ಆಂಪ್‌ಗೋ, ನೇರ ಮಿಕ್ಸರ್‌ಗೋ? ನೇರ ಮಿಕ್ಸರ್‌ಗೆ ಅಂದ್ರೆ ಯಾವ ಪಿಕಪ್ ಹಾಕಿದರೂ ಚುಚ್ಚುತ್ತದೆ. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗ ಸೋಲುತ್ತದೆ, ಆ ಸೋಲೇ ನಮಗೆ ಇಷ್ಟವಾದ ದನಿ. ಪೆಂಡಾಲ್‌ನ ಹಾರ್ನ್ ಬಾಕ್ಸ್ ಎಲ್ಲವನ್ನೂ ಹೊರಗೆ ಎಸೆಯುತ್ತದೆ. ಎಫೆಕ್ಟ್ ಪ್ರೊಸೆಸರ್ ಇದ್ದರೆ ಅದರಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್, ಅಂದರೆ ಆಂಪ್ ಸ್ಪೀಕರ್ ದನಿಯ ಅನುಕರಣೆ, ಆನ್ ಮಾಡಿ ನೋಡು.

ಕೇಳಿದವರು

ಆರ್ಕೆಸ್ಟ್ರಾದಲ್ಲಿ ನೇರ ಮಿಕ್ಸರ್‌ಗೇ ಅಣ್ಣಾ. ಪ್ರೊಸೆಸರ್ ಇದೆ, ಆ ಆಯ್ಕೆ ಆಫ್ ಇತ್ತು. ಚರ್ಚ್‌ನಲ್ಲಿ ಸಣ್ಣ ಆಂಪ್, ಅಲ್ಲಿ ಚುಚ್ಚೋದು ಕಡಿಮೆ, ಆದರೆ ಇದೆ. ಪಾಟ್ ನೋಡಿದೆ, 500ಕೆ.

ಉತ್ತರ, ಕಲಬುರಗಿಯಿಂದ

ಹಾಗಾದರೆ ಸಿಮ್ಯುಲೇಷನ್ ಆನ್ ಮಾಡು, ಪಾಟ್ 250ಕೆ ಮಾಡಿಸು, ಆ ತುಂಡು ವೈರ್ ಹಾಕಿಸು. ಬ್ರಿಡ್ಜ್ ಪಿಕಪ್ಪಿನ ಸಣ್ಣ ತಂತಿಯ ಕಡೆಯ ಸ್ಕ್ರೂ ಸ್ವಲ್ಪ ಸಡಿಲಿಸಿ ಕೆಳಗಿಳಿಸು. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ಆ ತಂತಿಗೂ ಕಂಬಕ್ಕೂ 2 ಮಿಲಿಮೀಟರ್ ಸಂದಿ ಇರಲಿ. ಕೆಲವು ವಾರ ಎರಡೂ ಕಡೆ ನುಡಿಸು. ಆಮೇಲೂ ಚುಚ್ಚಿದರೆ ಬ್ರಿಡ್ಜ್ ಒಂದನ್ನೇ ಬದಲಿಸು, ಮೂರರ ಸೆಟ್ ಬೇಡ. ಆರ್ಡರ್ ಮಾಡುವ ಮೊದಲು ಮೊದಲ ಕಂಬದ ನಡುವಿನಿಂದ ಆರನೇ ಕಂಬದ ನಡುವಿಗೆ ಸ್ಕೇಲ್ ಇಟ್ಟು ಅಳೆ. 50 ಮಿಲಿಮೀಟರ್, 52 ಮಿಲಿಮೀಟರ್ ಎರಡೂ ಬರುತ್ತವೆ, ಹಳೆಯ ಕವರ್ ಹೊಸದಕ್ಕೆ ಕೂರದೇ ಇರಬಹುದು.

ಉತ್ತರ, ಬೀದರ್‌ನಿಂದ

ಹೈದರಾಬಾದ್‌ಗೆ ಕೊಳ್ಳೋಕೆ ಹೋಗುವಾಗ ಬೀದರ್ ಮೇಲೆ ಬಂದರೆ ನನ್ನ ಗಿಟಾರ್ ನುಡಿಸಿ ನೋಡಿ ಹೋಗು. ಶನಿವಾರ ಸಂಜೆ ಪ್ರಾಕ್ಟೀಸ್ ಇರುತ್ತದೆ.