ಕಂಪನಿ ಹಿಡಿಯದೇ ಬಿಟ್ಟ ತೆರಿಗೆ, ಈಗ ಮಗಳ ತಲೆಗೆ

(ಕೇಳಿದವರ ಹೆಸರುಗಳನ್ನು ಅಡ್ಮಿನ್ ತೆಗೆದಿದ್ದಾರೆ. ಉತ್ತರ: ಅಮೆರಿಕದ ತೆರಿಗೆ ಫೈಲಿಂಗ್ ಮಾಡಿಕೊಡುವ ಸಲಹೆಗಾರ್ತಿ, ದುರ್ಗಿಗುಡಿ, ಶಿವಮೊಗ್ಗ)

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಮಗಳು 2019ರ ಆಗಸ್ಟಲ್ಲಿ ಎಫ್-1 ವೀಸಾದಲ್ಲಿ ಓದಲಿಕ್ಕೆ ಅಮೆರಿಕಕ್ಕೆ ಹೋದಳು. 2022ರಲ್ಲಿ ಓದು ಮುಗಿಸಿ ಓಪಿಟಿಯಲ್ಲಿ (ಓದಿದ ಮೇಲೆ ಅದೇ ಎಫ್-1ನಲ್ಲಿ ಸಿಗೋ ಕೆಲಸದ ಅನುಮತಿ) ಕೆಲಸಕ್ಕೆ ಸೇರಿದಳು, 2025ರ ಅಕ್ಟೋಬರ್ 1ರಿಂದ ಎಚ್-1ಬಿ ಕೆಲಸದ ವೀಸಾ. ಸಂಬಳ ವರ್ಷಕ್ಕೆ 84,000 ಡಾಲರ್. ಈಗ ಕಂಪನಿಯ ಪೇರೋಲ್‌ನವರು ಮೇಲ್ ಹಾಕಿದ್ದಾರೆ: 2024ರ ಜನವರಿಯಿಂದ 2025ರ ಸೆಪ್ಟೆಂಬರ್‌ವರೆಗೆ ಸೋಷಿಯಲ್ ಸೆಕ್ಯುರಿಟಿ (ಅಲ್ಲಿನ ಪಿಂಚಣಿಗೆ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆಗೆ) ತೆರಿಗೆ ಹಿಡಿದಿಲ್ಲವಂತೆ, ಒಟ್ಟು 22,491 ಡಾಲರ್, ಮುಂದಿನ ಮೂರು ಸಂಬಳದಲ್ಲಿ ಹಿಡೀತಾರಂತೆ. ತಪ್ಪು ಅವರದ್ದು, ದಂಡ ಇವಳಿಗಾ? ಮಂಡಿಯಲ್ಲಿರೋ ರಾಶಿ ಮಾರಿ ದುಡ್ಡು ಕಳಿಸಬೇಕಾ ಅಂತ ಯೋಚನೆ ಹತ್ತಿದೆ.

ಉತ್ತರ: ಗೌಡ್ರೇ, ರಾಶಿ ಮಂಡಿಯಲ್ಲೇ ಇರಲಿ. ಆ ಮೊತ್ತದಲ್ಲೇ ಎಡವಟ್ಟಿದೆ.

ಲೆಕ್ಕ ನೋಡಿ. ನೌಕರರ ಪಾಲು ಸೋಷಿಯಲ್ ಸೆಕ್ಯುರಿಟಿಗೆ 6.2%, ಮೆಡಿಕೇರ್‌ಗೆ 1.45%, ಸೇರಿ 7.65%. 2024ರ 84,000ಕ್ಕೆ 6,426 ಡಾಲರ್. 2025ರ ಒಂಬತ್ತು ತಿಂಗಳ 63,000ಕ್ಕೆ 4,819.50. ಎರಡೂ ಸೇರಿದರೆ 11,245.50. ಕಂಪನಿ ಕೇಳ್ತಿರೋದು ಸರಿಯಾಗಿ ಅದರ ಎರಡರಷ್ಟು. ಅಂದರೆ ತನ್ನ ಪಾಲಿನ 7.65% ಕೂಡ ಮಗಳ ತಲೆಗೇ ಕಟ್ಟಿದೆ. ಆ ಅರ್ಧ ಕಾನೂನು ಕಂಪನಿಯ ಮೇಲೆಯೇ ಹಾಕಿರೋ ತೆರಿಗೆ. ಅದನ್ನು ಮಗಳು ಕೊಡಬೇಕಾಗಿಲ್ಲ. ಬೇಕಂತಲೇ ಹಾಗೆ ಮಾಡಿದರೋ, ಕೂಡಿಸಿದವರಿಗೇ ಗೊತ್ತಾಗಲಿಲ್ಲವೋ, ನಾನು ಹೇಳಲಾರೆ. ಆದರೆ ಮೊದಲ ಉತ್ತರ ಇದರ ಮೇಲೇ ಹೋಗಬೇಕು.

ಇನ್ನರ್ಧ? ಅದು ಮಗಳದ್ದೇ. ಬೇಜಾರಾಗುತ್ತೆ, ಆದರೂ ಹೇಳಲೇಬೇಕು. ಎಫ್-1ನಲ್ಲಿ ಇರೋರಿಗೆ ಈ ತೆರಿಗೆ ಇಲ್ಲ, ಆದರೆ ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ (ಅಲ್ಲಿನ ನಿವಾಸಿ ಅಲ್ಲ) ಆಗಿರೋವರೆಗೆ ಮಾತ್ರ. ರೆಸಿಡೆಂಟ್ ಹೌದೋ ಅಲ್ಲವೋ ಅಂತ ಅಲ್ಲಿದ್ದ ದಿನ ಎಣಿಸಿ ನೋಡ್ತಾರೆ, ವಿದ್ಯಾರ್ಥಿಗೆ ಮೊದಲ ಐದು ಕ್ಯಾಲೆಂಡರ್ ವರ್ಷದ ದಿನಗಳನ್ನು ಎಣಿಸೋದಿಲ್ಲ. ಆಗಸ್ಟಲ್ಲಿ ಇಳಿದರೂ 2019 ಪೂರ್ತಿ ಒಂದು ವರ್ಷ ಅಂತಲೇ ಲೆಕ್ಕ. ಹಾಗಾಗಿ 2023ಕ್ಕೆ ಐದೂ ಮುಗೀತು. 2024ರಲ್ಲಿ ಅವಳು 183 ದಿನ ಅಲ್ಲಿದ್ದರೆ ರೆಸಿಡೆಂಟ್, ವಿನಾಯಿತಿ ಹೋಯ್ತು. ವೀಸಾ ಎಫ್-1 ಅಂತಲೇ ಇದ್ದರೂ. ಎಚ್-1ಬಿ ಬಂದಾಗಲೇ ತೆರಿಗೆ ಶುರು ಅಂತ ಎಷ್ಟೋ ಪೇರೋಲ್‌ನವರು ನಂಬಿರ್ತಾರೆ. ಕೆಲಸಕ್ಕೆ ಸೇರಿದ ದಿನ ಹಾಕಿದ ವಿನಾಯಿತಿ ಟಿಕ್ ಹಾಗೇ ಉಳಿದುಬಿಡುತ್ತೆ. ಅವಳ ಡಬ್ಲ್ಯು-2ರಲ್ಲಿ (ಕಂಪನಿ ವರ್ಷಕ್ಕೊಮ್ಮೆ ಕೊಡೋ ಸಂಬಳ-ತೆರಿಗೆ ಪತ್ರ) ಈ ಎರಡು ತೆರಿಗೆಯ 4 ಮತ್ತು 6ನೇ ಬಾಕ್ಸ್ ಖಾಲಿ ಇರಬೇಕು, ಒಮ್ಮೆ ನೋಡಲಿಕ್ಕೆ ಹೇಳಿ. 2024ರಲ್ಲಿ ಊರಿಗೆ ಬಂದು ಎಷ್ಟು ದಿನ ಇದ್ದಳು ಅನ್ನೋದನ್ನೂ ಪಾಸ್‌ಪೋರ್ಟ್ ಸೀಲ್ ನೋಡಿ ಬರೆದಿಟ್ಟುಕೊಳ್ಳಲಿ.

ಸರ್ಕಾರಕ್ಕೆ ಜವಾಬ್ದಾರಿ ಕಂಪನಿಯೇ, ಹಿಡಿದಿರಲಿ ಬಿಡಲಿ. ಹಿಡಿಯದೇ ಬಿಟ್ಟ ನೌಕರರ ಪಾಲನ್ನು ಮುಂದಿನ ಸಂಬಳದಲ್ಲಿ ಹಿಡಿಯಲಿಕ್ಕೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ನಿಯಮ ಬಿಡುತ್ತೆ. ಸಂಬಳದಲ್ಲಿ ಅಲ್ಲದೆ ಕೈಯಿಂದ ಕೊಡೋದಾದರೆ ಇಬ್ಬರೂ ಒಪ್ಪಬೇಕು. ಆದಾಯ ತೆರಿಗೆ ಹಿಡಿಯೋದು ತಪ್ಪಿದ್ದರೆ ಅದೇ ಕ್ಯಾಲೆಂಡರ್ ವರ್ಷದೊಳಗೆ ಮಾತ್ರ ವಸೂಲಿ, ಈ ತೆರಿಗೆಗೆ ಆ ಗಡಿ ಇಲ್ಲ. 2024ರದ್ದನ್ನು ಕಂಪನಿ ತಿದ್ದಲಿಕ್ಕೆ 2028ರ ಏಪ್ರಿಲ್‌ವರೆಗೂ ಕಾಲ ಇದೆ. ಸುಮ್ಮನಿದ್ದರೆ ಮರೆತುಹೋಗುತ್ತೆ ಅಂದ್ಕೋಬೇಡಿ.

ಮೂರೇ ಸಂಬಳದಲ್ಲಿ ಅನ್ನೋದಕ್ಕೆ ಮಾತ್ರ ತಲೆ ಆಡಿಸಬೇಡಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಥರದ ರಾಜ್ಯಗಳಲ್ಲಿ ಸಂಬಳ ಹಿಡಿಯೋದಕ್ಕೆ ಬಿಗಿ ನಿಯಮಗಳಿವೆ. ಹನ್ನೆರಡು ತಿಂಗಳ ಕಂತು ಕೇಳಲಿ, ಬರವಣಿಗೆಯಲ್ಲೇ. ತಡವಾದದ್ದಕ್ಕೆ ಬಡ್ಡಿ, ದಂಡ ಅಂತ ಸೇರಿಸಿದರೆ ಅದೂ ಬೇಡ, ಕಟ್ಟಲಿಕ್ಕೆ ತಡಮಾಡಿದ್ದು ಕಂಪನಿ.

ಪ್ರಶ್ನೆ (ಅದೇ ತಂದೆ): ಕಂಪನಿಯೇ ಎಲ್ಲ ಕಟ್ಟಿಬಿಡಲಿ ಅಂತ ಕೇಳಬಹುದಾ? ಇಲ್ಲಿ ಪಿಎಫ್‌ನಲ್ಲಿ ಹಾಗೇ ಅಲ್ವಾ?

ಉತ್ತರ: ಪಿಎಫ್ ವಿಷಯ ಸರಿ ಹೇಳಿದ್ರಿ. ನಮ್ಮ 1952ರ ಸ್ಕೀಮ್ ಪ್ರಕಾರ ಆಯಾ ತಿಂಗಳ ಸಂಬಳದಲ್ಲಿ ಹಿಡಿಯದ ನೌಕರರ ಪಾಲನ್ನು ಆಮೇಲೆ ಹಿಡಿಯೋ ಹಾಗಿಲ್ಲ. ಕೈತಪ್ಪಿ ಆಗಿದ್ದರೆ ಮಾತ್ರ ಇನ್‌ಸ್ಪೆಕ್ಟರ್ ಲಿಖಿತ ಒಪ್ಪಿಗೆ ಮೇಲೆ. ಅಮೆರಿಕದಲ್ಲಿ ನೌಕರರಿಗೆ ಅಷ್ಟು ರಕ್ಷಣೆ ಇಲ್ಲ. ಕೇಳಿ, ತಪ್ಪೇನಿಲ್ಲ, ತಮ್ಮದೇ ತಪ್ಪು ಅಂತ ಕಟ್ಟೋ ಕಂಪನಿಗಳೂ ಇವೆ. ಆದರೆ ಹಾಗೆ ಕಟ್ಟಿದ ಮೊತ್ತ ಅವಳ ಸಂಬಳಕ್ಕೆ ಸೇರಿ ಅದಕ್ಕೂ ತೆರಿಗೆ ಬೀಳುತ್ತೆ.

ಏನೇ ಆದರೂ ಡಬ್ಲ್ಯು-2ಸಿ, ಅಂದರೆ ತಿದ್ದಿದ ಡಬ್ಲ್ಯು-2, ಕೈಗೆ ಬರದೆ ಬಿಡಬಾರದು. ಅದು ಇಲ್ಲದಿದ್ದರೆ ದುಡ್ಡು ಹೋಯಿತು, ಸೋಷಿಯಲ್ ಸೆಕ್ಯುರಿಟಿ ಖಾತೆಯಲ್ಲಿ ಗಳಿಕೆ ದಾಖಲಾಗಲಿಲ್ಲ ಅಂತಾಗುತ್ತೆ. ಅಲ್ಲಿ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. ಭಾರತ-ಅಮೆರಿಕ ನಡುವೆ ಇದಕ್ಕೆ ಒಪ್ಪಂದ ಇಲ್ಲ, ಇಲ್ಲಿನ ವರ್ಷ ಅಲ್ಲಿಗೆ ಸೇರೋದಿಲ್ಲ. ಆ ಇಪ್ಪತ್ತೊಂದು ತಿಂಗಳ ಗಳಿಕೆ ದಾಖಲಾಗದೇ ಉಳಿದರೆ ನಷ್ಟ ಅವಳಿಗೇ. ಹಾಂ, 2024ಕ್ಕೆ 1040-ಎನ್‌ಆರ್ (ನಾನ್‌ರೆಸಿಡೆಂಟ್‌ಗಳ ಆದಾಯ ತೆರಿಗೆ ರಿಟರ್ನ್) ಹಾಕಿದ್ದರೆ ಅದನ್ನೂ 1040-ಎಕ್ಸ್‌ನಲ್ಲಿ ತಿದ್ದಬೇಕಾಗುತ್ತೆ, ರೆಸಿಡೆಂಟ್ ಅಂತ.

ಪ್ರಶ್ನೆ (ಸಾಗರದಿಂದ): ಅಕ್ಕಾ, ನಮ್ಮ ತಮ್ಮನದು ಉಲ್ಟಾ. ಎಫ್-1ನಲ್ಲಿ ಮೂರನೇ ವರ್ಷ, ಆದರೂ ಕಂಪನಿ ಹಿಡಿದಿದೆ.

ಉತ್ತರ: ಮೊದಲು ಕಂಪನಿಯನ್ನೇ ವಾಪಸ್ ಕೇಳಲಿ. ಆಗಲ್ಲ ಅಂದರೆ ವಾಪಸ್ ಕೇಳೋ ಫಾರ್ಮ್ 843, ಜೊತೆಗೆ 8316, ಐಆರ್‌ಎಸ್‌ಗೆ ಹಾಕಲಿ. ನಿಧಾನ ಆಗುತ್ತೆ, ಬರುತ್ತೆ.

ಪ್ರಶ್ನೆ (ಹೊಸನಗರದಿಂದ): ಮೇಡಂ, ನಾನು ಕೆಲಸ ಬಿಟ್ಟು ಊರಿಗೆ ಬಂದು ತೋಟ ನೋಡ್ಕೊಂಡಿದೀನಿ. ಹಳೇ ಕಂಪನಿಯಿಂದ ಇದೇ ಥರದ ಮೇಲ್, ಒಂದು ಅಕೌಂಟ್ ನಂಬರ್ ಕೊಟ್ಟು ಹತ್ತು ದಿನದೊಳಗೆ ಹಾಕಿ ಅಂತ.

ಉತ್ತರ: ಹಿಡಿಯಲಿಕ್ಕೆ ಸಂಬಳವೇ ಇಲ್ಲದ ಮೇಲೆ ಅದು ನೀವೂ ಕಂಪನಿಯೂ ಕೂತು ಬಗೆಹರಿಸಿಕೊಳ್ಳೋ ವಿಷಯ ಅಂತ ನಿಯಮವೇ ಹೇಳುತ್ತೆ. ಹತ್ತು ದಿನ ಅನ್ನೋದು ಅವರೇ ಹಾಕಿದ ಗಡುವು. ಮೇಲ್‌ಗೆ ರಿಪ್ಲೈ ಮಾಡಬೇಡಿ, ಹಳೇ ಎಚ್‌ಆರ್ ನಂಬರಿಗೆ ಫೋನ್ ಮಾಡಿ ನಿಜವಾ ಕೇಳಿ. ಇದೇ ಕಥೆ ಕಟ್ಟಿ ದುಡ್ಡು ಹೊಡೆಯೋರಿದ್ದಾರೆ. ನಿಜವೇ ಆದರೆ ಯಾವ ತ್ರೈಮಾಸಿಕಕ್ಕೆ ಎಷ್ಟು ಅಂತ ಲೆಕ್ಕ, 941-ಎಕ್ಸ್ (ಕಂಪನಿಯ ತ್ರೈಮಾಸಿಕ ತೆರಿಗೆ ರಿಟರ್ನ್ ತಿದ್ದೋ ಫಾರ್ಮ್) ಸಲ್ಲಿಸಿರೋದಕ್ಕೆ ಪುರಾವೆ, ಡಬ್ಲ್ಯು-2ಸಿ, ಇಷ್ಟೂ ಕಳಿಸಲಿಕ್ಕೆ ಹೇಳಿ. ಬಂದ ಮೇಲೆ ಇಲ್ಲಿ ಹಾಕಿ, ನೋಡ್ತೀನಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಮಾತ್ರ ಮುಚ್ಚಿ ಹಾಕಿ ಮಾರಾಯ್ರೆ, ಹೋದ ವಾರ ಯಾರೋ ಹಾಗೇ ಹಾಕಿದ್ರು.