ಎಫ್‌ಎ ಪಟ್ಟಿ ತುಂಬಾ ಎ ಗ್ರೇಡ್, ಮಕ್ಕಳಿಗೆ ಕಳೆಯುವ ಲೆಕ್ಕ ಬರುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಎಲ್ಲಿಂದ ಶುರು ಮಾಡಲಿ?

ಹೊಸ ಬಿಆರ್‌ಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಈ ವರ್ಷ ಒಂದು ತಾಲ್ಲೂಕಿಗೆ ಬಿಆರ್‌ಸಿ (ಶಿಕ್ಷಕರಿಗೆ ಪಾಠದಲ್ಲಿ ನೆರವಾಗುವ ತಾಲ್ಲೂಕು ಕೇಂದ್ರದ ಸಮನ್ವಯಾಧಿಕಾರಿ) ಆಗಿ ಬಂದಿದ್ದೇನೆ. ಮುಂಚೆ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ, ಹಾಗಾಗಿ ಯಾವ ಶಾಲೆಗೆ ಹೋದರೂ ಕಣ್ಣು ಮೊದಲು ಗಣಿತದ ನೋಟ್‌ಬುಕ್ಕಿನ ಮೇಲೇ ಹೋಗುತ್ತದೆ.

ವಿಷಯ ಇಷ್ಟು. ಸ್ಯಾಟ್ಸ್‌ನಲ್ಲಿ (ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಎಫ್‌ಎ, ಅಂದರೆ ವರ್ಷದ ನಡುವೆ ಶಾಲೆಯಲ್ಲೇ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಅಂಕ ತೆಗೆದು ನೋಡಿದರೆ ಐದನೇ ತರಗತಿಯ ಬಹುಪಾಲು ಮಕ್ಕಳು ಎ ಅಥವಾ ಎ ಪ್ಲಸ್. ಅದೇ ಮಕ್ಕಳ ಪಕ್ಕ ಕೂತು 402ರಲ್ಲಿ 178 ಕಳೆಯಿರಿ ಅಂದರೆ ಅರ್ಧಕ್ಕರ್ಧ ಮಕ್ಕಳದ್ದು ತಪ್ಪು. ಯಾವುದೋ ಒಂದು ಶಾಲೆಯ ಮಾತಲ್ಲ, ಹೋದಲ್ಲೆಲ್ಲ ಹೀಗೇ ಇದೆ. ಟೀಚರ್‌ಗಳು ಕೆಲಸ ಮಾಡುವುದಿಲ್ಲ ಅಂತ ದಯವಿಟ್ಟು ಯಾರೂ ಶುರು ಮಾಡಬೇಡಿ. ಅವರ ಕಷ್ಟ ನನಗೆ ಗೊತ್ತು.

ನನಗೆ ತೊಂದರೆ ಕಾಣುತ್ತಿರುವುದು ನಮ್ಮ ಮಟ್ಟದಲ್ಲಿ. ತಿಂಗಳ ಮುಖ್ಯ ಶಿಕ್ಷಕರ ಸಭೆ ಶುರುವಾದರೆ ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ವರದಿ, ಯುಡೈಸ್ (ಶಾಲೆಯ ಅಂಕಿಅಂಶ), ಮಕ್ಕಳ ಆಧಾರ್, ಶೂ ಸಾಕ್ಸ್ ಬಿಲ್ಲು, ಶೌಚಾಲಯದ ಫೋಟೊ. ಪಾಠದ ಮಾತಿಗೆ ಬರುವಷ್ಟರಲ್ಲಿ ಎಲ್ಲರೂ ಬಸ್ಸಿನ ಟೈಮ್ ನೋಡುತ್ತಿರುತ್ತಾರೆ. ಸಿಆರ್‌ಪಿಗಳು (ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರ್‌ಗೆ, ಇರುವ ಸಂಪನ್ಮೂಲ ವ್ಯಕ್ತಿಗಳು) ಶಾಲೆಗೆ ಹೋಗುತ್ತಾರೆ, ಹಾಜರಿ ನೋಡುತ್ತಾರೆ, ಸಂದರ್ಶನ ಪುಸ್ತಕದಲ್ಲಿ "ಕಲಿಕೆ ಉತ್ತಮಪಡಿಸಲು ಸೂಚಿಸಲಾಯಿತು" ಅಂತ ಬರೆದು ಬರುತ್ತಾರೆ. ಯಾವ ಶಾಲೆಯ ಪುಸ್ತಕ ತೆಗೆದರೂ ಇದೇ ವಾಕ್ಯ. ಯಾವ ಕಲಿಕೆ, ಯಾವ ಮಗುವಿನದು, ಟೀಚರ್ ನಾಳೆ ಬೆಳಿಗ್ಗೆ ಏನು ಬೇರೆ ಮಾಡಬೇಕು, ಇದು ಎಲ್ಲೂ ಇಲ್ಲ.

ಸಿಆರ್‌ಪಿ, ಇಸಿಒ (ಶಿಕ್ಷಣ ಸಂಯೋಜಕರು), ಮುಖ್ಯ ಶಿಕ್ಷಕರು ಇವರೆಲ್ಲ ಪಾಠದ ಬಗ್ಗೆ, ಮೌಲ್ಯಮಾಪನದ ಬಗ್ಗೆ ಗಟ್ಟಿಯಾಗಿ ಮಾತಾಡುವಂತೆ ಮಾಡುವುದು ಹೇಗೆ? ಇನ್ನೊಂದು ಮೂರು ದಿನದ ತರಬೇತಿ ಹಾಕಿ ಅನ್ನಬೇಡಿ. ಅದು ಬೇಕಾದಷ್ಟು ಆಗಿದೆ.

ಕ್ಲಸ್ಟರ್ ಕೆಲಸದವನು

ಸರ್, ನಾನು ಸಿಆರ್‌ಪಿ. ನೀವು ಬರೆದ ಆ ವಾಕ್ಯ ನಮ್ಮದೇ. ಅದನ್ನು ಯಾಕೆ ಬರೆಯುತ್ತೇವೆ ಅಂತ ಹೇಳುತ್ತೇನೆ.

ಬೆಳಿಗ್ಗೆ ಒಂದು ಶಾಲೆಗೆ ಹೋಗಿ ನಾಲ್ಕನೇ ತರಗತಿಯಲ್ಲಿ ಕೂತಿರುತ್ತೇನೆ. 11 ಗಂಟೆಗೆ ವಾಟ್ಸಾಪ್ ಗ್ರೂಪಿಗೆ ಮೆಸೇಜ್, "ಮಧ್ಯಾಹ್ನ 3ರೊಳಗೆ ನಿಮ್ಮ ಕ್ಲಸ್ಟರ್‌ನ ಎಲ್ಲ ಶಾಲೆಗಳ ಮಾಹಿತಿ ಕಡ್ಡಾಯವಾಗಿ ಸಲ್ಲಿಸಿ". ಅಲ್ಲಿಗೆ ಪಾಠ ನೋಡುವುದು ಮುಗಿಯಿತು. ಹೊರಗೆ ಬಂದು ಒಂದೊಂದೇ ಶಾಲೆಗೆ ಫೋನ್. ಹೊರಡುವ ಮುಂಚೆ ಏನಾದರೂ ಬರೆಯಲೇಬೇಕಲ್ಲ, ಅದೇ ವಾಕ್ಯ ಬರೆಯುತ್ತೇವೆ. 1990ರ ದಶಕದಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ) ಬಂದಾಗ ಕ್ಲಸ್ಟರ್ ಕೇಂದ್ರ ಮಾಡಿದ್ದೇ ಟೀಚರ್‌ಗೆ ಪಾಠದಲ್ಲಿ ಕೈ ಹಿಡಿಯಲಿ ಅಂತ. ಈಗ ನಾವು ಮೇಲಿನ ಆಫೀಸಿಗೂ ಶಾಲೆಗೂ ನಡುವೆ ಮಾಹಿತಿ ಸಾಗಿಸುವವರು.

ಇನ್ನೊಂದು, ಹೇಳಲು ಮುಜುಗರ ಆದರೂ ನಿಜ. ನಾನೂ ಪ್ರೈಮರಿ ಶಾಲೆಯ ಶಿಕ್ಷಕನೇ. ನನಗಿಂತ ಹತ್ತು ವರ್ಷ ಸೀನಿಯರ್ ಇರುವ ಮೇಡಂ ಪಾಠ ಮಾಡಿ ಮುಗಿಸಿದ ಮೇಲೆ "ಇದು ಹೀಗಲ್ಲ" ಅನ್ನಲು ನನಗೆ ಯಾವ ಹಕ್ಕು? ಅದಕ್ಕೆ ನನಗೆ ಗೊತ್ತಿರುವ ದಾರಿ ಒಂದೇ. ಚಾಕ್‌ಪೀಸ್ ನಾನೇ ತಗೊಂಡು ಒಂದು ಪೀರಿಯಡ್ ಪಾಠ ಮಾಡುತ್ತೇನೆ, ಮೇಡಂ ಹಿಂದೆ ಕೂತು ನೋಡುತ್ತಾರೆ, ಆಮೇಲೆ ಯಾವ ಮಗುವಿಗೆ ಅರ್ಥ ಆಯ್ತು, ಯಾರಿಗೆ ಆಗಲಿಲ್ಲ ಅಂತ ಇಬ್ಬರೂ ಮಾತಾಡುತ್ತೇವೆ. ಆಗ ಮಾತು ಅವರ ಪಾಠದ ಮೇಲೆ ಇರುವುದಿಲ್ಲ, ಮಗುವಿನ ಮೇಲೆ ಇರುತ್ತದೆ.

ನಿಮ್ಮ ಕೈಯಲ್ಲಿ ಆಗುವುದಾದರೆ ಮೊದಲು ಒಂದು ಮಾಡಿ. ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಸಾಹೇಬರಿಗೆ ಹೇಳಿ ವಾರಕ್ಕೆ ಎರಡು ದಿನ ಸಿಆರ್‌ಪಿಗಳಿಗೆ ಮಾಹಿತಿ ಕೇಳಬಾರದು ಅಂತ ಮಾಡಿಸಿ. ಬೇರೆ ಏನೂ ಬೇಡ.

ಹಿ.ಪ್ರಾ. ಶಾಲೆ ಮುಖ್ಯ ಶಿಕ್ಷಕಿ

ಸರ್, ಸಮಯದ ಮಾತು ಸರಿ. ಆದರೆ ಎ ಗ್ರೇಡ್ ಎಲ್ಲಿಂದ ಬರುತ್ತದೆ ಅಂತ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ.

ನಮ್ಮ ಟೀಚರ್ ಒಂದು ವರ್ಷ ಎಫ್‌ಎ 1ರಲ್ಲಿ ಇದ್ದದ್ದು ಇದ್ದ ಹಾಗೆ ಬರೆದರು. ನಾಲ್ಕೈದು ಮಕ್ಕಳಿಗೆ ಸಿ ಬಂತು. ಮೇಲಿನಿಂದ ಫೋನ್ ಬಂತು. ಆ ಮಕ್ಕಳಿಗೆ ಏನು ಸಹಾಯ ಬೇಕು ಅಂತ ಕೇಳಲಿಲ್ಲ. "ನಿಮ್ಮ ಶಾಲೆಯಲ್ಲೇ ಯಾಕೆ ಸಿ ಇದೆ, ಲಿಖಿತ ಕಾರಣ ಕೊಡಿ" ಅಂದರು. ಎಫ್‌ಎ 2ರಲ್ಲಿ ಯಾರಿಗೂ ಸಿ ಇಲ್ಲ. ಜ್ವರ ಬಂತು ಅಂದರೆ ಬೈಯುವ ಮನೆಯಲ್ಲಿ ಮಕ್ಕಳು ಜ್ವರ ಮುಚ್ಚಿಡುತ್ತಾರೆ, ಅಷ್ಟೇ.

ದೊಡ್ಡ ಮಟ್ಟದಲ್ಲೂ ಇದೇ ನಡೆದದ್ದು ಅಲ್ವಾ? 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕಮ್ಮಿ ಆಗಲಿಲ್ಲ. ಜಿಲ್ಲೆಗಳನ್ನು ಒಂದು, ಎರಡು, ಮೂರು ಅಂತ ಸಾಲು ನಿಲ್ಲಿಸಿ, ಕೆಳಗಿದ್ದವರಿಗೆ ನೋಟಿಸ್ ಕೊಡುವುದೇ ನಾಯಕತ್ವ ಅಂದುಕೊಂಡರೆ ಕೆಳಗಿನವರು ಅಂಕ ಹೆಚ್ಚು ಮಾಡುವುದನ್ನು ಕಲಿಯುತ್ತಾರೆ, ಕಲಿಸುವುದನ್ನಲ್ಲ.

ಹಾಗಾಗಿ ನೀವು ಸಭೆಯಲ್ಲಿ ಎಲ್ಲರ ಎದುರಿಗೆ, ಬಿಇಒ ಅವರ ಬಾಯಿಂದಲೇ, ಎಫ್‌ಎ ಅಂಕಕ್ಕೆ ನೋಟಿಸ್ ಇಲ್ಲ ಅಂತ ಹೇಳಿಸಿ. ಹೇಳಿಸಿದ ಮೇಲೆ ನಿಜವಾಗಿ ಸಿ ಬರೆದ ಮೊದಲ ಶಾಲೆಗೆ ನೀವೇ ಹೋಗಿ, ಏನು ಬೇಕು ಅಂತ ಕೇಳಿ. ಅದನ್ನು ಎಲ್ಲರೂ ನೋಡುತ್ತಿರುತ್ತಾರೆ.

ನಿವೃತ್ತ ಡಯಟ್ ಮೇಷ್ಟ್ರು

ಮೇಡಂ ಹೇಳಿದ್ದು ಬುನಾದಿ. ಅದಿಲ್ಲದೆ ನಾನು ಹೇಳುವುದು ನಿಲ್ಲುವುದಿಲ್ಲ.

ಬಿಆರ್‌ಸಿ ಸರ್, ನಿಮ್ಮ ಆ 402 − 178 ಲೆಕ್ಕವನ್ನೇ ಮುಂದಿನ ಸಭೆಗೆ ತನ್ನಿ. ಹಿಂದೆ ಡಯಟ್‌ನಲ್ಲಿ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಶಿಕ್ಷಕರ ಜೊತೆ ನಾನು ಇಂಥ ಲೆಕ್ಕ ಇಟ್ಟುಕೊಂಡು ಕೂತಿದ್ದೇನೆ, ಅನುಭವದಿಂದ ಹೇಳುತ್ತೇನೆ. ಸರಿ ಉತ್ತರ 224. ಮಕ್ಕಳ ಪುಸ್ತಕದಲ್ಲಿ ಎರಡು ತಪ್ಪು ಉತ್ತರ ಮತ್ತೆ ಮತ್ತೆ ಸಿಗುತ್ತವೆ. ಒಂದು 376, ಇನ್ನೊಂದು 234. ಎರಡಕ್ಕೂ ಕೆಂಪು ಗೆರೆ, ಎರಡಕ್ಕೂ ಸೊನ್ನೆ ಅಂಕ. ಆದರೆ 376 ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ, 8ರಲ್ಲಿ 2, 7ರಲ್ಲಿ 0, 4ರಲ್ಲಿ 1. ಅದಕ್ಕೆ ದಶಕ ಬಿಡಿಸುವುದು ಅಂದರೆ ಏನು ಅಂತಲೇ ಗೊತ್ತಿಲ್ಲ. ಕಡ್ಡಿ ಕಟ್ಟು ಕೈಗೆ ಕೊಟ್ಟು ಮೊದಲಿಂದ ಶುರು ಮಾಡಬೇಕು. 234 ಬರೆದ ಮಗುವಿಗೆ ಸಾಲ ತೆಗೆಯುವುದು ಗೊತ್ತು. ನೂರನ್ನು ಬಿಡಿಸಿ ಹತ್ತು ದಶಕ ಮಾಡಿದೆ, ಬಿಡಿ ಸ್ಥಾನಕ್ಕೆ ಒಂದು ದಶಕ ಕೊಟ್ಟಿದೆ, ಕೊಟ್ಟ ಮೇಲೆ ಒಂಬತ್ತು ಉಳಿಯಿತು ಅನ್ನುವುದನ್ನು ಮಾತ್ರ ಬಿಟ್ಟಿದೆ. ನಡುವೆ ಸೊನ್ನೆ ಇರುವ ನಾಲ್ಕು ಲೆಕ್ಕ ಮಾಡಿಸಿದರೆ ಸಾಕು, ಆ ಮಗು ದಾಟಿಬಿಡುತ್ತದೆ. ಇಬ್ಬರನ್ನೂ "ನಿಧಾನ ಕಲಿಕೆಯ ಮಕ್ಕಳು" ಅಂತ ಒಂದೇ ಪಟ್ಟಿಗೆ ಸೇರಿಸಿ ಪರಿಹಾರ ಬೋಧನೆ ಅಂತ ಒಂದೇ ಪಾಠ ಮಾಡಿದರೆ ಇಬ್ಬರಿಗೂ ಉಪಯೋಗವಿಲ್ಲ.

ಇಷ್ಟನ್ನು ಎರಡು ಗಂಟೆ ಮಾತಾಡಲಿ. ಮುಖ್ಯ ಶಿಕ್ಷಕರಿಗೆ ಇದರಲ್ಲಿ ಆಸಕ್ತಿ ಇಲ್ಲ ಅನ್ನುವುದು ಸುಳ್ಳು. ಒಂದು ಪುಸ್ತಕ ಎದುರಿಗೆ ಇಟ್ಟು "ಈ ಮಗು ಏನು ಯೋಚನೆ ಮಾಡಿದೆ?" ಅಂತ ಕೇಳಿ ನೋಡಿ. ಇಪ್ಪತ್ತು ವರ್ಷ ಪಾಠ ಮಾಡಿದವರ ಒಳಗೆ ಎಷ್ಟೆಲ್ಲ ಇರುತ್ತದೆ, ಯಾರೂ ಕೇಳಿರುವುದಿಲ್ಲ. ಸಿಆರ್‌ಪಿಗಳನ್ನೂ ಹೀಗೇ ತಯಾರು ಮಾಡಬೇಕು. ಶಾಲೆಗೆ ಹೋದವರು ಹಾಜರಿಗಿಂತ ಮುಂಚೆ ಮೂರು ಮಕ್ಕಳ ಪುಸ್ತಕ ತೆಗೆಯಲಿ.

ನಲಿಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಹೇಗೆ ಹುಟ್ಟಿತು ನೆನಪಿಸಿಕೊಳ್ಳಿ. 1990ರ ದಶಕದ ನಡುವೆ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದರು, ತಾವೇ ಕೂತು ಕಾರ್ಡು ಬರೆದರು, ಮಕ್ಕಳ ಮುಂದೆ ಇಟ್ಟು ನೋಡಿ ತಿದ್ದಿದರು. ಮಗು ಕಲಿಕೆಯ ಏಣಿಯಲ್ಲಿ (ಒಂದಾದ ಮೇಲೊಂದು ಹಂತಗಳ ಸಾಲು) ಎಲ್ಲಿದೆ ಅಂತ ದಿನಾ ನೋಡುವುದೇ ಅಲ್ಲಿ ಮೌಲ್ಯಮಾಪನ. 2009–10ರಲ್ಲಿ ಅದು ರಾಜ್ಯಕ್ಕೆಲ್ಲ ಹೋಯಿತು. ಕಾರ್ಡು ಎಲ್ಲ ಶಾಲೆಗೂ ಮುಟ್ಟಿತು, ಕೂತು ಮಾತಾಡಿ ತಿದ್ದುವ ಅಭ್ಯಾಸ ಎಲ್ಲ ಶಾಲೆಗೂ ಮುಟ್ಟಲಿಲ್ಲ. ನನ್ನ ಸಂಕಟ ಇವತ್ತಿಗೂ ಅದೇ.

ಹೊಸ ಬಿಆರ್‌ಸಿ

ಮೇಷ್ಟ್ರೇ, ತುಂಬಾ ಧನ್ಯವಾದ. 376 ಮತ್ತು 234 ಎರಡೂ ನನಗೆ ಸಿಕ್ಕಿವೆ, ಬೇರೆ ಬೇರೆ ಮಾಡಿ ನೋಡಿರಲಿಲ್ಲ.

ಒಂದು ಸಂದೇಹ. ನಮ್ಮಲ್ಲಿ ಇಬ್ಬರೇ ಶಿಕ್ಷಕರಿರುವ ಶಾಲೆಗಳು ಜಾಸ್ತಿ. ಒಬ್ಬರು ನಲಿಕಲಿ, ಇನ್ನೊಬ್ಬರು ನಾಲ್ಕು ಮತ್ತು ಐದು. ಆ ಇನ್ನೊಬ್ಬರೇ ಪ್ರಭಾರಿ ಮುಖ್ಯ ಶಿಕ್ಷಕರು, ಬಿಸಿಯೂಟವೂ ಅವರದೇ, ಸಭೆಗೆ ಬಂದರೆ ಅವತ್ತು ಆ ಎರಡು ತರಗತಿಗೆ ಪಾಠ ಇಲ್ಲ. ಇವರಿಗೆ "ನೀವು ಶೈಕ್ಷಣಿಕ ನಾಯಕರು" ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ?

ನ್ಯೂಜೆರ್ಸಿ ಕನ್ನಡತಿ

ಇಲ್ಲಿ ಒಂದು ಪಬ್ಲಿಕ್ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಟೀಚರ್‌ಗಳಿಗೆ ಗಣಿತ ಕೋಚ್ ಆಗಿದ್ದೇನೆ. ಓದಿದ್ದು ಹಾಸನದ ಕಡೆಯ ಸರ್ಕಾರಿ ಶಾಲೆಯಲ್ಲಿ, ಹಾಗಾಗಿ ಸುಮ್ನೆ ಓದಿ ಹೋಗಲು ಮನಸ್ಸಾಗಲಿಲ್ಲ.

ನಮ್ಮ ಕೆಲಸದಲ್ಲಿ ಎಲ್ಲರೂ ಹೇಳುವ ಒಂದು ಉದಾಹರಣೆ ಇದೆ. ನ್ಯೂಯಾರ್ಕ್ ನಗರದಲ್ಲಿ ಆಗ 32 ಶಾಲಾ ಡಿಸ್ಟ್ರಿಕ್ಟ್ ಇದ್ದವು. ಮ್ಯಾನ್‌ಹ್ಯಾಟನ್‌ನ 2ನೇ ಡಿಸ್ಟ್ರಿಕ್ಟ್‌ಗೆ 1987ರಲ್ಲಿ ಆಂಥನಿ ಆಲ್ವರಾಡೊ ಮುಖ್ಯಸ್ಥರಾಗಿ ಬಂದರು, 1998ರವರೆಗೆ ಇದ್ದರು. ಅವರು ಮಾಡಿದ ದೊಡ್ಡ ಕೆಲಸ ನೀವು ಇಲ್ಲಿ ಮಾತಾಡುತ್ತಿರುವುದೇ. ಪ್ರಿನ್ಸಿಪಾಲರ ತಿಂಗಳ ಸಭೆಯನ್ನು ಪಾಠದ ಮಾತಿಗೆ ಮೀಸಲಿಟ್ಟರು. ತಾವೂ ತಮ್ಮ ಕೈಕೆಳಗಿನ ಅಧಿಕಾರಿಯೂ ಶಾಲೆಗೆ ಹೋಗಿ ಪ್ರಿನ್ಸಿಪಾಲರ ಜೊತೆ ತರಗತಿ ತರಗತಿ ಸುತ್ತುತ್ತಿದ್ದರು. ಓದುವುದರಲ್ಲಿ 10ನೇ ಜಾಗದಲ್ಲಿದ್ದ ಡಿಸ್ಟ್ರಿಕ್ಟ್ 2ನೇ ಜಾಗಕ್ಕೆ ಬಂತು. ಅಲ್ಲಿನ ಬಡಾವಣೆಗಳು ಶ್ರೀಮಂತ ಆಗುತ್ತಿದ್ದವು, ಅದರ ಪಾಲೂ ಇದೆ ಅಂತ ಆಮೇಲೆ ವಾದ ನಡೆಯಿತು. ಆ ವಾದದಲ್ಲಿ ಹುರುಳಿದೆ, ಹಾಗಾಗಿ ಫಲಿತಾಂಶ ನೋಡಿ ಮರುಳಾಗಬೇಡಿ. ಅಭ್ಯಾಸ ಮಾತ್ರ ತಗೊಳ್ಳಿ. ಮೇಲಿನವರು ಪದೇ ಪದೇ ತರಗತಿಯೊಳಗೆ ಬಂದು ಪಾಠದ ಬಗ್ಗೆಯೇ ಕೇಳಿದರೆ ಕೆಳಗಿನವರೂ ಅದನ್ನೇ ನೋಡಲು ಶುರು ಮಾಡುತ್ತಾರೆ.

ಇಬ್ಬರೇ ಶಿಕ್ಷಕರ ಶಾಲೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅಲ್ಲಿನವರೇ ಹೇಳಬೇಕು.

ಹಿ.ಪ್ರಾ. ಶಾಲೆ ಮುಖ್ಯ ಶಿಕ್ಷಕಿ

ಆ ಸಣ್ಣ ಶಾಲೆಗಳನ್ನು ಒಂಟಿಯಾಗಿ ಬಿಡಬೇಡಿ ಸರ್. ನಮ್ಮ ಶಾಲೆಯಲ್ಲಿ ಏಳು ಜನ ಇದ್ದೇವೆ, ಸುತ್ತ ಮೂರು ಕಿಲೋಮೀಟರಿನಲ್ಲಿ ಅಂಥ ನಾಲ್ಕು ಶಾಲೆ ಇವೆ, ಎರಡು ತಾಂಡಾದಲ್ಲಿ. ಅವರ ಪ್ರಭಾರಿಗಳು ತಾಲ್ಲೂಕಿಗೆ ಬರುವುದು ಬೇಡ. ಶಾಲೆ ಬಿಟ್ಟ ಮೇಲೆ ಸಂಜೆ ನಮ್ಮಲ್ಲಿಗೇ ಪುಸ್ತಕ ತರಲಿ, ಒಂದು ಗಂಟೆ ಕೂರುತ್ತೇವೆ. ನಿಮ್ಮಿಂದ ಬೇಕಾದ್ದು ಒಂದೇ, ಆ ಒಂದು ಗಂಟೆಯನ್ನು ಅವರ ತರಬೇತಿ ಅವಧಿಗೆ ಸೇರಿಸಿ. 2020ರ ಶಿಕ್ಷಣ ನೀತಿಯಲ್ಲೇ ಶಿಕ್ಷಕರಿಗೂ ಮುಖ್ಯ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ಅಂತ ಇದೆಯಲ್ಲ. ಆ 50 ಗಂಟೆ ಬರೀ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟಿನಲ್ಲೇ ಮುಗಿಯಬೇಕು ಅಂತ ಏನಿಲ್ಲ.

ಮತ್ತೆ ನ್ಯೂಜೆರ್ಸಿ ಮೇಡಂ ಹೇಳಿದ ತರಗತಿ ಸುತ್ತು ನಮ್ಮಲ್ಲಿಗೆ ಬಂದರೆ ಮೊದಲ ವಾರವೇ ಅದಕ್ಕೊಂದು ಫಾರಂ ಹುಟ್ಟುತ್ತದೆ. ಅದನ್ನು ಆಗಲು ಬಿಡಬೇಡಿ.

ಹೊಸ ಬಿಆರ್‌ಸಿ

ಇವತ್ತು ಬಿಇಒ ಅವರ ಹತ್ತಿರ ಮಾತಾಡಿದೆ. ಮುಂದಿನ ಸಭೆಯ ಮೊದಲ ಎರಡು ಗಂಟೆ ಪುಸ್ತಕ ನೋಡುವುದಕ್ಕೆ ಅಂತ ಒಪ್ಪಿದ್ದಾರೆ, ಮಾಹಿತಿ ಎಲ್ಲ ಮಧ್ಯಾಹ್ನದ ಮೇಲೆ. ನೋಟಿಸ್ ವಿಷಯ ಅವರೇ ಹೇಳುತ್ತಾರಂತೆ. ಸಿಆರ್‌ಪಿಗಳಿಗೆ ಎರಡು ದಿನ ಕೇಳಿದ್ದೆ, ಸದ್ಯಕ್ಕೆ ಬುಧವಾರ ಒಂದು ದಿನ ಕೊಟ್ಟಿದ್ದಾರೆ. ಸಂಜೆಯ ಒಂದು ಗಂಟೆ ಲೆಕ್ಕಕ್ಕೆ ತಗೊಳ್ಳುವುದನ್ನು ಡಯಟ್‌ನವರಿಗೆ ಬರೆದು ಕೇಳುತ್ತೇನೆ. ಪ್ರತಿ ಶಾಲೆಯಿಂದ ಐದನೇ ತರಗತಿಯ ಮೂರು ಗಣಿತ ಪುಸ್ತಕ ತರಲು ಹೇಳುತ್ತಿದ್ದೇನೆ. ಇನ್ನೇನಾದರೂ ಸೇರಿಸಬೇಕಾ?

ಕ್ಲಸ್ಟರ್ ಕೆಲಸದವನು

ಬುಧವಾರ ಸಿಕ್ಕಿದ್ದೇ ದೊಡ್ಡದು ಸರ್.

ಸುತ್ತೋಲೆಯಲ್ಲಿ ಎರಡು ಸಾಲು ಸೇರಿಸಿ. ಒಂದು, ಯಾವ ಮೂರು ಮಕ್ಕಳ ಪುಸ್ತಕ ಅಂತ ನೀವೇ ಹಾಜರಿ ಸಂಖ್ಯೆ ಕೊಡಿ, ಇಲ್ಲದಿದ್ದರೆ ಎಲ್ಲ ಶಾಲೆಯಿಂದಲೂ ಚೆನ್ನಾಗಿ ಬರೆಯುವ ಹುಡುಗಿಯ ಪುಸ್ತಕವೇ ಬರುತ್ತದೆ. ಎರಡು, ರಬ್ಬರಿನಲ್ಲಿ ಅಳಿಸಿ ಸರಿ ಉತ್ತರ ಬರೆಸಿ ತರುವುದು ಬೇಡ ಅಂತ ಸ್ಪಷ್ಟವಾಗಿ ಹಾಕಿ. ನಮಗೆ ಬೇಕಾಗಿರುವುದು ಆ ತಪ್ಪೇ.