‘ಬಾಳು’, ‘ಬದುಕು’ ಎರಡೂ ಒಂದೇನಾ?

ಎಲ್ರಿಗೂ ನಮಸ್ಕಾರ. ನಾನೊಂದು ಕತೆ ಬರೀತಾ ಇದೀನಿ, ಅದ್ರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು, ಗಂಡ ತೀರ್ಕೊಂಡು ವರ್ಷ ಆಗಿದೆ, ಮಗಳು ಅಮೆರಿಕಾದಲ್ಲಿ, ಒಂದಿನ ಒಬ್ಳೇ ಕಾಫಿ ಕುಡೀತಾ ‘ಇಷ್ಟು ವರ್ಷ ಬಾಳಿದೆ, ಬದುಕಿದ್ದು ಯಾವಾಗ?’ ಅಂದ್ಕೋತಾಳೆ. ಓದಿದ ಗೆಳತಿ ‘ಎರಡೂ ಒಂದೇ ಅಲ್ವೇನೆ, ಏನ್ ದೊಡ್ಡ ಡೈಲಾಗು’ ಅಂತ ನಕ್ಕುಬಿಟ್ಲು. ಡಿಕ್ಷನರಿ ತೆಗೆದ್ರೆ ಅದೂ ಅವಳ ಪರಾನೇ, ಇದಕ್ಕೆ ಅದು ಅರ್ಥ, ಅದಕ್ಕೆ ಇದು. ಆದ್ರೆ ನನ್ನ ಕಿವಿ ಒಪ್ತಾ ಇಲ್ಲ.

ನಮ್ಮಜ್ಜಿ ಯಾರದಾದ್ರೂ ವಿಷ್ಯ ಬಂದ್ರೆ ‘ಅವ್ಳು ಬಾಳಲಿಲ್ಲ ಕಣೆ’ ಅಂತಿದ್ರು. ಅಂದ್ರೆ ಸತ್ತೋದ್ಲು ಅಂತಲ್ಲ, ಗಂಡನ ಮನೇಲಿ ನಿಲ್ಲಲಿಲ್ಲ, ತವರಿಗೆ ವಾಪಸ್ ಬಂದ್ಲು ಅಂತ. ಗಂಡಸಿಗಾದ್ರೆ ‘ಹೆಂಡ್ತಿ ಜೊತೆ ಬಾಳಲಿಲ್ಲ’ ಅಂತ ಪೂರ್ತಿ ಹೇಳ್ಬೇಕು, ಹೆಂಗಸಿಗೆ ಬರೀ ‘ಬಾಳಲಿಲ್ಲ’ ಅಂದ್ರೆ ಸಾಕು, ಯಾರ ಜೊತೆ ಅಂತ ಯಾರೂ ಕೇಳಲ್ಲ. ಉತ್ತರ ಕರ್ನಾಟಕದ ಕಡೆ ‘ಬಾಳೇ ಮಾಡೂದು’ ಅಂತಾರಲ್ಲ, ಅದೂ ಇದೇ ತಾನೆ? ತಮಿಳಲ್ಲಂತೂ ಗಂಡನ ಬಿಟ್ಟು ಬಂದವಳಿಗೆ ‘ವಾಳಾವೆಟ್ಟಿ’ ಅಂತ ಬೈಗುಳದಂಥ ಪದಾನೇ ಇದೆ, ಅವರ ‘ವಾಳ್’ ನಮ್ಮ ‘ಬಾಳ್’ ಒಂದೇ ಬೇರು. (ಹಳಗನ್ನಡದಲ್ಲಿ ಇದು ೞಕಾರದ ‘ಬಾೞ್’, ಕತ್ತಿ ಅನ್ನೋ ‘ಬಾಳ್’ ಬೇರೆ, ೞ ಬಿದ್ದುಹೋದ್ಮೇಲೆ ಕತ್ತಿನೂ ಸಂಸಾರಾನೂ ಒಂದೇ ಸ್ಪೆಲಿಂಗು ಆಗೋಯ್ತು, ನಗಬೇಡಿ!)

ಆಮೇಲೆ ಸಿನಿಮಾದವರ ‘ಅವಳಿಗೆ ಬಾಳು ಕೊಟ್ಟ’. ‘ಅವನಿಗೆ ಬಾಳು ಕೊಟ್ಲು’ ಅಂತ ನಾನಂತೂ ಕೇಳಿಲ್ಲ. ಯಾರಾದ್ರೂ ಕೇಳಿದ್ರೆ ಎಲ್ಲಿ ಅಂತ ಹೇಳಿ. ‘ತಾಳಿದವನು ಬಾಳಿಯಾನು’ ಗಾದೇಲಿ ‘ಅವನು’ ಇದ್ರೂ ನಮ್ಮನೇಲಿ ಅದನ್ನ ಹೇಳ್ತಿದ್ದಿದ್ದು ಸೊಸೆಯಂದಿರಿಗೇ.

‘ಬದುಕು’ ಹಂಗಲ್ಲ. ‘ಆಪರೇಷನ್ ಆಯ್ತು, ಬದುಕ್ಕೊಂಡ’ ಅಂತೀವಿ, ‘ಬಾಳ್ಕೊಂಡ’ ಅನ್ನಲ್ಲ. ಹಳ್ಳಿ ಕಡೆ ‘ಮನೆ ಬದುಕು ಮುಗೀತಾ’ ಅಂದ್ರೆ ಕಸ ಮುಸುರೆ ಕೆಲಸ ಆಯ್ತಾ ಅಂತ. ಅಂದ್ರೆ ಇದ್ರಲ್ಲಿ ಉಸಿರು ಇದೆ, ಕೈಕೆಲಸ ಇದೆ, ಯಾರೂ ಕೊಡಬೇಕಾಗಿಲ್ಲ. ಈಗಿನವರು ‘ಬದುಕು ಕಟ್ಟಿಕೊಂಡಳು’ ಅಂತ ಬರೀತಾರೆ, ಅಲ್ಲಿ ‘ಬಾಳು’ ಹಾಕಿ ನೋಡಿ, ಕೂರಲ್ಲ. ಗೀತಾ ನಾಗಭೂಷಣ ಅವರಿಗೆ 2004ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕಾದಂಬರಿ ಹೆಸ್ರು ‘ಬದುಕು’. ಅದು ‘ಬಾಳು’ ಆಗಿದ್ದಿದ್ರೆ ಬೇರೇನೇ ಪುಸ್ತಕ ಅನ್ಸಲ್ವಾ?

ನನಗೆ ಇದು ಸರಿಯಾಗಿ ಹೊಳೆದಿದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಮತ್ತೆ ಓದುವಾಗ. ಮದುವೆ ಅಂದ್ರೇನು ಅಂತ ತಿಳಿಯೋ ಮೊದ್ಲೇ ಗಂಡ ಹೋದ, ಊರ ಲೆಕ್ಕದಲ್ಲಿ ಆಕೆ ‘ಬಾಳಲಿಲ್ಲ’. ಆದ್ರೆ ನೂರು ದಾಟಿ ಬದುಕಿದ್ಲು, ಕಷ್ಟದ ಹೆರಿಗೆ ಮಾಡಿಸಿದ್ಲು, ತಲೆ ಬೋಳಿಸ್ಕೊಳ್ಳಲ್ಲ ಅಂದ ಹುಡುಗಿ ಪರ ನಿಂತ್ಲು. ನನ್ನ ಕತೆಯವಳದು ಉಲ್ಟಾ, ಮೂವತ್ತು ವರ್ಷ ಚೆನ್ನಾಗೇ ಬಾಳಿದಾಳೆ, ಗಂಡ ಒಳ್ಳೆಯವನೇ, ಅವನಿಲ್ಲ ಅಂತ ಅಳ್ತಾಳೆ ಕೂಡ.

ಒಂದು ತೊಡಕು ಮಾತ್ರ ಇದೆ. ‘ಬಾಳಿ ಬದುಕಿದ ಮನೆ’, ‘ಬಾಳಿ ಬದುಕಮ್ಮ’ ಅಂತ ಜೋಡಿಯಾಗಿ ಅಂತೀವಲ್ಲ, ಅಲ್ಲಿ ಎರಡಕ್ಕೂ ಒಂದೇ ಅರ್ಥನಾ, ಇಲ್ಲಾ ಎರಡೂ ಬೇಕು ಅಂತ್ಲೇ ಹಂಗೆ ಹರಸ್ತಿದ್ರಾ? ನಿಮ್ಮ ಕಡೆ, ಅದ್ರಲ್ಲೂ ಕರಾವಳಿ, ಕಲ್ಯಾಣ ಕರ್ನಾಟಕದ (ಮೊದ್ಲು ಹೈದರಾಬಾದ್ ಕರ್ನಾಟಕ ಅಂತಿದ್ರಲ್ಲ) ಕಡೆಯವರು, ಮನೇಲಿ ವಯಸ್ಸಾದ ಹೆಂಗಸರು ಹೆಂಗೆ ಅಂತಾರೆ ಕೇಳಿ ತಿಳಿಸ್ತೀರಾ? ಅಲ್ಲೀವರೆಗೂ ಆ ಸಾಲು ಹಂಗೇ ಇಟ್ಟಿರ್ತೀನಿ, ಗೆಳತಿ ನಕ್ಕರೆ ನಗಲಿ.